ಕೆಂಪು ಹಲ್ಲುಪುಡಿ ನಂಬಿ ನಾನು ಕೆಟ್ಟೆ, ನೀವು ಕೆಡಬೇಡಿ

ವಸಡಿನಲ್ಲಿ ರಕ್ತ ಬರುತ್ತಿದೆ ಅಂದಾಗ ಯಾರಾದರೂ ಕೆಂಪು ಹಲ್ಲುಪುಡಿ ಕೈಗಿಟ್ಟರೆ ದಯವಿಟ್ಟು ತಗೊಳ್ಳಬೇಡಿ. ನಾನು ತಗೊಂಡೆ. ಒಂದಲ್ಲ, ಆರು ಡಬ್ಬಿ. ಒಂದಕ್ಕೆ 350 ರೂಪಾಯಿ, ಲೆಕ್ಕ ನೀವೇ ಹಾಕಿ. ಬರೆಯೋಕೂ ನಾಚಿಕೆ ಆಗುತ್ತಿದೆ. ದಿನಾ ಬ್ಯಾಂಕ್ ಕೌಂಟರ್‌ನಲ್ಲಿ ಕೂತು "ಓಟಿಪಿ ಯಾರಿಗೂ ಹೇಳ್ಬೇಡಿ, ಮೋಸ ಹೋಗ್ಬೇಡಿ" ಅಂತ ಊರಿಗೆಲ್ಲ ಬುದ್ಧಿ ಹೇಳುವವನು ನಾನು.

ಶುರುವಾಗಿದ್ದು ಹೋದ ವರ್ಷ. ಹಲ್ಲುಜ್ಜಿ ಉಗಿದರೆ ನೊರೆ ಗುಲಾಬಿ ಬಣ್ಣ. ಸೀಬೆಹಣ್ಣು ಕಚ್ಚಿದರೆ ಹಣ್ಣಿನ ಮೇಲೆ ರಕ್ತದ ಗೆರೆ. ನೋವಿರಲಿಲ್ಲ. ನೋವಿಲ್ಲ ಅಂತಲೇ ಸುಮ್ನಿದ್ದೆ. ಅಷ್ಟರಲ್ಲಿ ಊರ ಜಾತ್ರೆಯಲ್ಲಿ ಈ ಪುಡಿಯ ಮಳಿಗೆ ಕಣ್ಣಿಗೆ ಬಿತ್ತು. "ಸರ್, ಡೆಂಟಲ್‌ಗೆ ಹೋದ್ರೆ ಕ್ಲೀನಿಂಗ್ ಅಂತ ಹಲ್ಲೇ ಅಲ್ಲಾಡಿಸಿ ಕಳಿಸ್ತಾರೆ. ಇದರಲ್ಲಿ ಉಜ್ಜಿ ನೋಡಿ." ನಮ್ಮಮ್ಮನೂ ಇದೇ ಮಾತು ಹೇಳುತ್ತಿದ್ದರು. ನಂಬಿಬಿಟ್ಟೆ.

ಮೊದಲ ವಾರ ವಸಡೆಲ್ಲ ಉರಿ, ಬಾಯಲ್ಲಿ ರಕ್ತದ ರುಚಿ. ಡಬ್ಬಿ ಮೇಲಿದ್ದ ನಂಬರ್‌ಗೆ ವಾಟ್ಸಾಪ್ ಮಾಡಿದೆ. "ಕೆಟ್ಟ ರಕ್ತ ಹೊರಗೆ ಹೋಗ್ತಿದೆ ಸರ್, ಒಳ್ಳೇದೇ. ಕೋರ್ಸ್ ನಿಲ್ಲಿಸ್ಬೇಡಿ." ಸರಿ, ನಿಲ್ಲಿಸಲಿಲ್ಲ. ಆಮೇಲೆ ರಕ್ತ ನಿಂತಿತು. ನಿಂತಿತು ಅಂದುಕೊಂಡೆ. ದಿಂಬಿನ ಕವರ್ ಮೇಲೆ ಕಲೆ ಇದೆ ಅಂತ ಹೆಂಡತಿ ತೋರಿಸಿದರೆ, "ಅದು ಪುಡಿಯದ್ದು ಕಣೇ" ಅಂದೆ!

ಹತ್ತು ತಿಂಗಳ ಮೇಲೆ ಕೋಡುಬಳೆ ಕಡಿಯುವಾಗ ಕೆಳಗಿನ ಮುಂದಿನ ಹಲ್ಲು ಅಲ್ಲಾಡಿತು. ಆಗ ಓಡಿದೆ ಡೆಂಟಲ್‌ಗೆ. ಡಬ್ಬಿಯನ್ನೂ ಜೊತೆಗೆ ಒಯ್ದಿದ್ದೆ, ಏನೋ ಘನಂದಾರಿ ಔಷಧಿ ಅನ್ನೋ ಹಾಗೆ. ಡಾಕ್ಟರ್ ಕೇಳಿದರು, "ರಕ್ತ ನಿಂತಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" "ಉಗಿದಾಗ ಕಾಣಲ್ಲ ಮೇಡಂ." ಅವರು ಏನೂ ಹೇಳಲಿಲ್ಲ. ಲೋಟದ ನೀರಿಗೆ ಒಂದು ಚಿಟಿಕೆ ಪುಡಿ ಹಾಕಿ ಕಲಕಿದರು. ನೀರೆಲ್ಲ ಕೆಂಪು.

ಹತ್ತು ತಿಂಗಳು ನಾನು ಕೆಂಪು ನೀರಲ್ಲಿ ರಕ್ತ ಹುಡುಕಿದ್ದೆ. ಕೆಂಪು ನೀರಲ್ಲಿ! ಆ ಕುರ್ಚಿಯಲ್ಲಿ ಮಲಗಿಕೊಂಡೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ವಸಡಿಗೂ ಹಲ್ಲಿಗೂ ನಡುವೆ ಸಣ್ಣ ಕಡ್ಡಿ ಇಳಿಸಿ ಅಳೆದರು. 3 ಮಿಲಿಮೀಟರ್ ಒಳಗಿದ್ದರೆ ಸರಿ. ನನಗೆ 6, ಒಂದು ಕಡೆ 7. ಎಕ್ಸ್‌ರೇಯಲ್ಲಿ ಮೂಳೆ ಕರಗಿರುವುದು ನನಗೇ ಕಾಣಿಸಿತು. ಅದು ತಾನಾಗಿ ವಾಪಸ್ ಬರಲ್ಲ. ತರಿತರಿ ಪುಡಿ ತಿಕ್ಕಿ ತಿಕ್ಕಿ ಹಲ್ಲಿನ ಬುಡವೂ ಸವೆದಿದೆ. ಮೊದಲು ರಕ್ತ ಬಂದಾಗಲೇ ಬಂದಿದ್ದರೆ ಬರೀ ಕ್ಲೀನಿಂಗ್, ಸರಿಯಾಗಿ ಬ್ರಷ್ ಮಾಡೋದು, ಇಷ್ಟರಲ್ಲೇ ಮುಗಿಯುತ್ತಿತ್ತೇನೋ ಅಂದರು. ಕ್ಲೀನಿಂಗ್‌ನಿಂದ ಹಲ್ಲು ಸಡಿಲ ಆಗಲ್ಲವಂತೆ. ಗಟ್ಟಿಯಾದ ಪಾಚಿ ತೆಗೆದ ಮೇಲೆ ಮೊದಲೇ ಆಗಿದ್ದ ಸಂದು ಕಾಣುತ್ತದೆ, ಅಷ್ಟೇ. ಶುಗರ್ ಇದ್ದರೂ ವಸಡು ಬೇಗ ಹಾಳಾಗುತ್ತದೆ ಅಂತ ಆ ಟೆಸ್ಟೂ ಬರೆದುಕೊಟ್ಟರು.

ಎಕ್ಸ್‌ರೇ ಫೋಟೋ ಪುಡಿಯವನಿಗೆ ಕಳಿಸಿದೆ. ಉತ್ತರ ನೋಡಿ: "ಪಥ್ಯ ಮಾಡಿದ್ರಾ ಸರ್?" ಯಾವ ಪಥ್ಯ? ಮೊದಲು ಹೇಳೇ ಇರಲಿಲ್ಲವಲ್ಲ! ಆಮೇಲೆ, "ಡಾಕ್ಟರ್‌ಗಳಿಗೂ ವ್ಯಾಪಾರ ಆಗ್ಬೇಕಲ್ವಾ ಸರ್." ದುಡ್ಡು ವಾಪಸ್ ಕೊಡು ಅಂದೆ. ಎರಡು ನೀಲಿ ಗೆರೆ ಬಿತ್ತು. ಮಾರನೇ ದಿನ ಬ್ಲಾಕ್.

ಒಂದೆರಡು ವಾರ ಚೆನ್ನಾಗಿ ಬ್ರಷ್ ಮಾಡಿದರೂ ರಕ್ತ ನಿಲ್ಲದಿದ್ದರೆ ಡೆಂಟಲ್‌ಗೆ ಹೋಗಿ. ಕೀವು, ಊತ, ಹಲ್ಲು ಅಲ್ಲಾಡುವುದು ಇದ್ದರೆ ಅಷ್ಟೂ ಕಾಯಬೇಡಿ. ರಕ್ತ ನಿಲ್ಲದೆ ಸುರಿಯುತ್ತಿದ್ದರೆ, ಅಥವಾ ಜೊತೆಗೆ ಜ್ವರ, ಮೈಮೇಲೆ ಸುಮ್ಸುಮ್ನೆ ನೀಲಿ ಕಲೆ ಇದ್ದರೆ ಅವತ್ತೇ ಆಸ್ಪತ್ರೆಗೆ. ರಕ್ತ ಬರುತ್ತೆ ಅಂತ ಬ್ರಷ್ ಮಾಡೋದು ಬಿಡಬೇಡಿ, ಮೆತ್ತನೆ ಬ್ರಷ್ ತಗೊಳ್ಳಿ. ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜುಗಳಿವೆ, ಬೆಂಗಳೂರಿನಲ್ಲಿ ಸರ್ಕಾರಿಯೇ ಇದೆ. ನನ್ನ ಥರ ಜಾತ್ರೆಗೆ ಹೋಗಬೇಡಿ.

ಆರರಲ್ಲಿ ಎರಡು ಡಬ್ಬಿ ಮಾವನಿಗೆ ಕೊಟ್ಟಿದ್ದೆ. ಬಿಟ್ಟುಬಿಡಿ ಅಂತ ಮೂರು ಸಲ ಫೋನ್ ಮಾಡಿದೆ. "ನೀವೇ ತಂದುಕೊಟ್ಟಿದ್ದಲ್ವಾ ಅಳಿಯಂದ್ರೇ, ಚೆನ್ನಾಗಿದೆ" ಅಂತ ಇನ್ನೂ ಅದರಲ್ಲೇ ಉಜ್ಜುತ್ತಿದ್ದಾರೆ.