ನಂಬರ್ ಬೇರೆ ಇರುವ ಏರ್‌ಫ್ಲೋ ಸೆನ್ಸರ್: ಟರ್ಬೊ ಡೀಸೆಲ್ ಕಾರಿನಲ್ಲಿ ವರ್ಷ ದಾಟಿದ ಮೇಲೆ

ಗಾಡಿ: ಸ್ವಿಫ್ಟ್ ಡೀಸೆಲ್, 1248 ಸಿಸಿ, 75 ಪಿಎಸ್, ಬಿಎಸ್4
ಓಡಾಟ: ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಬಾಗೇಪಲ್ಲಿ, ಚಿಂತಾಮಣಿ
ರೇಟಿಂಗ್: 5ಕ್ಕೆ 2

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದರೆ, ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಈ ಸೆನ್ಸರ್ ಕೆಡಲಿಲ್ಲ. ವರ್ಷ ದಾಟಿದರೂ ಸಾಕೆಟ್ ಸಡಿಲ ಆಗಲಿಲ್ಲ, ಒಳಗಿನ ಫಿಲ್ಮ್ ಸುಡಲಿಲ್ಲ. ಉಳಿದ ಮೂರು ಸ್ಟಾರ್ ಕಿತ್ತುಕೊಂಡಿದ್ದು ಯಾಕೆ ಅನ್ನೋದೇ ಈ ಬರಹ.

ನನ್ನದು ಡ್ರಿಪ್ ಪೈಪ್ ವ್ಯಾಪಾರ. ಗಾಡಿ ನಿಂತರೆ ಕೆಲಸ ನಿಂತ ಹಾಗೆ. ಹಳೆಯ ಸೆನ್ಸರ್ ಸತ್ತಾಗ ಅದೇ ಪಾರ್ಟ್ ನಂಬರಿನದಕ್ಕೆ ಕಾಯಬೇಕಿತ್ತು, ದರವೂ ಮೂರು ಪಟ್ಟು. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಮೆಕ್ಯಾನಿಕ್ ಒಂದು ಡಬ್ಬಿ ತೆಗೆದು ತೋರಿಸಿದರು. "ಅಣ್ಣಾ, ನಂಬರ್ ಬೇರೆ. ಆದ್ರೆ ಸಾಕೆಟ್ ಅದೇ, ಸ್ಕ್ರೂ ಅದೇ. ಹಾಕಿ ಓಡ್ಸಿ, ನಿಮ್ದು ಬಂದಾಗ ಬದಲಾಯಿಸೋಣ." ಮುಚ್ಚುಮರೆ ಇಲ್ಲದ ಮಾತು. ಹಾಕಿಸಿದೆ. ಸ್ಟಾರ್ಟ್ ಆಯಿತು, ಚೆಕ್ ಎಂಜಿನ್ ಲೈಟ್ ಬರಲಿಲ್ಲ. ಲೈಟ್ ಇಲ್ಲ ಅಂದಮೇಲೆ ಯಾರು ತಾನೇ ಬದಲಾಯಿಸುತ್ತಾರೆ? ಅದೇ ಉಳಿದುಕೊಂಡಿತು.

ಈ ಎಂಜಿನ್ ಮಾರುತಿ, ಟಾಟಾ, ಫಿಯೆಟ್ ಮೂರೂ ಕಂಪನಿಯ ಕಾರುಗಳಲ್ಲಿ ಬಂದಿದೆ. ಅದಕ್ಕೇ 'ನ್ಯಾಷನಲ್ ಎಂಜಿನ್' ಅಂತ ಹೆಸರು. ಎಂಜಿನ್ ಒಂದೇ ಆದ್ದರಿಂದ ಎಲ್ಲದರ ಸಾಮಾನೂ ಎಲ್ಲದಕ್ಕೂ ನಡೆಯುತ್ತದೆ ಅನ್ನೋ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಬಹಳ ಭಾಗಗಳಿಗೆ ಅದು ನಿಜ. ಆದರೆ ಏರ್ ಫಿಲ್ಟರ್ ಡಬ್ಬಿ, ಅದರಿಂದ ಟರ್ಬೊಗೆ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವುದು) ಹೋಗುವ ಪೈಪ್ ಕಾರಿನಿಂದ ಕಾರಿಗೆ ಬೇರೆ. ಏರ್‌ಫ್ಲೋ ಸೆನ್ಸರ್ ಕೂರುವುದು ಅಲ್ಲೇ.

ಸೆನ್ಸರ್ ಒಳಗೆ ಬಿಸಿ ಮಾಡಿದ ಒಂದು ತೆಳು ಫಿಲ್ಮ್ ಇರುತ್ತದೆ. ಹೋಗುವ ಗಾಳಿ ಅದರ ಬಿಸಿಯನ್ನು ಎಳೆದುಕೊಳ್ಳುತ್ತದೆ. ಎಷ್ಟು ಬಿಸಿ ಹೋಯಿತು ಅನ್ನುವುದರಿಂದ ಎಷ್ಟು ತೂಕದ ಗಾಳಿ ಬಂತು ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಫಿಲ್ಮ್‌ಗೆ ತಾಗುವುದು ಪೈಪಿನಲ್ಲಿ ಹೋಗುವ ಗಾಳಿಯ ಒಂದು ಸಣ್ಣ ಪಾಲು ಮಾತ್ರ. ಪೈಪ್ 60 ಮಿ.ಮೀ. ಬದಲು 70 ಆದರೆ ಒಳಗಿನ ಜಾಗ ಶೇ. 36ರಷ್ಟು ಜಾಸ್ತಿ. ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ. ಜೊತೆಗೆ ಇಷ್ಟು ವೋಲ್ಟ್ ಬಂದರೆ ಇಷ್ಟು ಗಾಳಿ ಅನ್ನುವ ಪಟ್ಟಿ ಸೆನ್ಸರ್‌ನಿಂದ ಸೆನ್ಸರ್‌ಗೆ ಬದಲಾಗುತ್ತದೆ. ಇಸಿಯು ಹತ್ತಿರ ಇರುವುದು ಹಳೆಯ ಸೆನ್ಸರಿನ ಪಟ್ಟಿ, ಹಾಗಾಗಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಅಂತಲೂ ತಪ್ಪು ಬರಬಹುದು. ಒಂದು ಅಂಗಡಿಯ ತಕ್ಕಡಿಗೆ ಇನ್ನೊಂದು ಅಂಗಡಿಯ ತೂಕದ ಬಟ್ಟು ಇಟ್ಟು ತೂಗಿದ ಹಾಗೆ.

ಶುರುವಿನಲ್ಲಿ ಏನೂ ಗೊತ್ತಾಗಲಿಲ್ಲ. ಈ ಎಂಜಿನ್ 2000 ಆರ್‌ಪಿಎಂ ಕೆಳಗೆ ಮೊದಲಿನಿಂದಲೂ ಸೋಮಾರಿ. ಸ್ವಲ್ಪ ಇನ್ನೂ ಸೋಮಾರಿ ಆದರೆ ಯಾರಿಗೆ ತಿಳಿಯುತ್ತದೆ ಹೇಳಿ? ಬರಬರುತ್ತಾ ಎರಡು ವಿಷಯ ಕಂಡವು. ಶಿಡ್ಲಘಟ್ಟದ ಪೇಟೆಯಲ್ಲಿ ನಿಂತು ಹೊರಡುವಾಗ ಹಿಂದೆ ಕಪ್ಪು ಹೊಗೆ. ಹೈವೇಯಲ್ಲಿ ಬಾಗೇಪಲ್ಲಿ ಕಡೆ ಲಾರಿಯನ್ನು ಹಿಂದೆ ಹಾಕಲು ಕಾಲು ಒತ್ತಿದರೆ ಎಳೆಯುವುದೇ ಇಲ್ಲ. ನಂದಿ ಬೆಟ್ಟದ ಏರಿನಲ್ಲಂತೂ ನಾಲ್ಕು ಜನ ಕೂತರೆ ಎರಡನೇ ಗೇರೇ ಗತಿ. ಮೈಲೇಜ್ 20ರ ಹತ್ತಿರ ಇದ್ದದ್ದು 17ಕ್ಕೆ ಇಳಿಯಿತು. ನೋಡಿದವರೆಲ್ಲ ಹೇಳಿದ್ದು ಒಂದೇ, ಟರ್ಬೊ ಹೋಗಿದೆ. ಇನ್ನೊಬ್ಬರು ಇಂಜೆಕ್ಟರ್ ಅಂದರು. ಸೆನ್ಸರ್ ಹೆಸರು ಯಾರೂ ಎತ್ತಲಿಲ್ಲ.

ಸ್ಕ್ಯಾನರ್ ಹಾಕಿದರೆ ಐಡಲ್‌ನಲ್ಲಿ (ಕಾಲು ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಗಾಳಿಯ ರೀಡಿಂಗ್ ಸರಿಯಾಗೇ ಇತ್ತು! ಇದರಲ್ಲೇ ಇರೋದು ಮೋಸ. ಡೀಸೆಲ್ ಕಾರಿನಲ್ಲಿ ಇಜಿಆರ್ ವಾಲ್ವ್ ಇದೆ ಅಲ್ವಾ, ಸುಟ್ಟ ಗಾಳಿಯನ್ನು ಸ್ವಲ್ಪ ವಾಪಸ್ ಒಳಗೆ ಬಿಡುವುದು. ಅದು ಎಷ್ಟು ತೆರೆಯಬೇಕು ಅಂತ ಇಸಿಯು ತೀರ್ಮಾನ ಮಾಡುವುದು ಇದೇ ಸೆನ್ಸರಿನ ಮಾತು ಕೇಳಿ. ಸೆನ್ಸರ್ ಜಾಸ್ತಿ ಗಾಳಿ ತೋರಿಸಿದರೆ ಇಸಿಯು ಇಜಿಆರ್ ಇನ್ನಷ್ಟು ತೆರೆಯುತ್ತದೆ. ಹೊಸ ಗಾಳಿ ಕಡಿಮೆಯಾಗಿ, ರೀಡಿಂಗ್ ತನಗೆ ಬೇಕಾದ ಅಂಕಿಗೆ ಬರುವ ತನಕ ತೆರೆಯುತ್ತದೆ. ಹಾಗಾಗಿ ಸ್ಕ್ರೀನಿನಲ್ಲಿ ಅಂಕಿ ಸರಿ ಕಾಣುತ್ತದೆ, ಎಂಜಿನ್ ಒಳಗೆ ಮಾತ್ರ ಮಸಿ ತುಂಬುತ್ತದೆ.

ಇಜಿಆರ್ ಮುಚ್ಚಿಸಿ ನೋಡಿದಾಗ ಬಂಡವಾಳ ಹೊರಬಿತ್ತು. ಆಗ ಎಂಜಿನ್ ಎಳೆಯುವ ಗಾಳಿಯೆಲ್ಲ ಸೆನ್ಸರ್ ದಾಟಿಯೇ ಬರಬೇಕು. ಲೆಕ್ಕ ಸುಲಭ, ನೀವೂ ಮಾಡಬಹುದು. 1248 ಸಿಸಿ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಅಷ್ಟು ಗಾಳಿ ಎಳೆಯುತ್ತದೆ. 850 ಆರ್‌ಪಿಎಂನಲ್ಲಿ ಸೆಕೆಂಡಿಗೆ ಒಂಬತ್ತು ಲೀಟರ್‌ಗೆ ತುಸು ಕಡಿಮೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಒಂದು ಲೀಟರ್ ಗಾಳಿ ಒಂದು ಗ್ರಾಮಿಗಿಂತ ಚೂರು ಜಾಸ್ತಿ ತೂಗುತ್ತದೆ. ಐಡಲ್‌ನಲ್ಲಿ ಟರ್ಬೊ ಒತ್ತಡ ಇರುವುದಿಲ್ಲ, ಸಿಲಿಂಡರ್ ಪೂರ್ತಿ ತುಂಬುವುದೂ ಇಲ್ಲ. ಅಂದರೆ ಸೆಕೆಂಡಿಗೆ ಎಂಟು ಗ್ರಾಂ ಆಸುಪಾಸು ಬರಬೇಕು. ನನ್ನದು ಹತ್ತು ದಾಟಿತ್ತು. ಆ ಎಂಜಿನ್ ಕುಡಿಯಲು ಸಾಧ್ಯವೇ ಇಲ್ಲದಷ್ಟು ಗಾಳಿ!

ಜೋರಾಗಿ ಓಡಿಸುವಾಗ ಕಥೆ ಉಲ್ಟಾ. ಅಲ್ಲಿ ಈ ಸೆನ್ಸರ್ ಕಡಿಮೆ ತೋರಿಸುತ್ತದೆ. ಗಾಳಿ ಇಲ್ಲದೆ ಡೀಸೆಲ್ ಬಿಟ್ಟರೆ ಹೊಗೆ ಬರುತ್ತದೆ ಅಂತ ಇಸಿಯು ಡೀಸೆಲ್‌ಗೇ ಕಡಿವಾಣ ಹಾಕುತ್ತದೆ. ಟರ್ಬೊ ಪಾಪ ಪೂರ್ತಿ ಗಾಳಿ ಕೊಡುತ್ತಲೇ ಇತ್ತು, ಬೈಗುಳವನ್ನೂ ತಿನ್ನುತ್ತಿತ್ತು. ಸೆನ್ಸರಿನ ಸಾಕೆಟ್ ಕಿತ್ತು ಒಂದು ರೌಂಡ್ ಓಡಿಸಿದೆವು. ಲೈಟ್ ಬಂತು, ಆದರೆ ಗಾಡಿ ಮೊದಲಿಗಿಂತ ಚೆನ್ನಾಗಿ ಎಳೆಯಿತು. ಸಾಕೆಟ್ ಕಿತ್ತರೆ ಇಸಿಯು ತನ್ನದೇ ಒಂದು ಅಂದಾಜು ಲೆಕ್ಕ ಹಿಡಿಯುತ್ತದೆ. ಅಂದಾಜಿಗಿಂತ ಕೆಟ್ಟ ಸೆನ್ಸರ್‌ಗೆ ದುಡ್ಡು ಯಾಕೆ ಕೊಡಬೇಕು? (ಹಾಗಂತ ಕಿತ್ತೇ ಓಡಿಸಬೇಡಿ, ಅದು ಪರೀಕ್ಷೆಗೆ ಮಾತ್ರ.)

ಹಾಗಾದರೆ ಇಷ್ಟು ಕಾಲ ಲೈಟ್ ಯಾಕೆ ಬರಲಿಲ್ಲ? ರೀಡಿಂಗ್ ಒಂದು ಮಿತಿ ದಾಟಿ ತಪ್ಪಿದರೆ ಮಾತ್ರ ಪಿ0101 ಕೋಡ್ (ಈ ಸೆನ್ಸರಿನ ರೀಡಿಂಗ್ ಸರಿ ಇಲ್ಲ ಅನ್ನುವ ದೋಷ ಸಂಖ್ಯೆ) ಬೀಳುತ್ತದೆ, ಲೈಟ್ ಬರುತ್ತದೆ. ಮಿತಿಯೊಳಗೆ ಎಷ್ಟು ಸುಳ್ಳು ಹೇಳಿದರೂ ನಡೆಯುತ್ತದೆ.

ಕೊನೆಗೆ ಅಸಲಿ ನಂಬರಿನದು ತರಿಸಿ ಹಾಕಿಸಿದೆ. ಅದೇ ದಿನ ಇಜಿಆರ್ ಮತ್ತು ಇಂಟೇಕ್ (ಎಂಜಿನ್ ಒಳಗೆ ಗಾಳಿ ಹೋಗುವ ದಾರಿ) ಬಿಚ್ಚಿಸಿದೆ. ಮಸಿ, ಎಣ್ಣೆ ಸೇರಿ ದಪ್ಪಗೆ ಕಟ್ಟಿಕೊಂಡಿತ್ತು, ಗಾಳಿಯ ದಾರಿ ಅರ್ಧ ಮುಚ್ಚಿತ್ತು. ಕ್ಲೀನಿಂಗ್ ಕೂಲಿ ಸೇರಿಸಿದರೆ ಸೆನ್ಸರಿನಲ್ಲಿ ಉಳಿದ ದುಡ್ಡು ಅಲ್ಲಿಗೇ ಹೋಯಿತು, ವರ್ಷಪೂರ್ತಿ ಜಾಸ್ತಿ ಕುಡಿದ ಡೀಸೆಲ್ ಬೇರೆ. ಈಗ ಹೊಗೆ ಇಲ್ಲ, ಮೂರನೇ ಗೇರಿನಲ್ಲಿ ಹಳೆಯ ಎಳೆತ ವಾಪಸ್ ಬಂದಿದೆ. ಮೈಲೇಜ್ ಪೂರ್ತಿ ಮೊದಲಿನಷ್ಟಿಲ್ಲ, 19 ಕೊಡುತ್ತಿದೆ.

ಟರ್ಬೊ ಪೆಟ್ರೋಲ್ ಇರುವವರು ಇದನ್ನು ಓದಿ ಹಾಕಿ ನೋಡೋಣ ಅಂದುಕೊಂಡರೆ ಖಂಡಿತ ಬೇಡ. ಏರ್‌ಫ್ಲೋ ಸೆನ್ಸರ್ ಇರುವ ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನದ ಅಳತೆ, ಸ್ಪಾರ್ಕ್ ಹೊಡೆಯುವ ಹೊತ್ತು ಎರಡೂ ಇದರ ಮೇಲೇ ನಿಂತಿವೆ. ನಿಧಾನಕ್ಕೆ ಓಡಿಸುವಾಗ ಆಕ್ಸಿಜನ್ ಸೆನ್ಸರ್ ತಪ್ಪನ್ನು ಸರಿಮಾಡಿಕೊಳ್ಳುತ್ತದೆ. ಟರ್ಬೊ ತುಂಬಿ ಎಳೆಯುವಾಗ ಸೆನ್ಸರ್ ಕಡಿಮೆ ತೋರಿಸಿತು ಅನ್ನಿ. ಪೆಟ್ರೋಲ್ ಕಡಿಮೆ, ಸ್ಪಾರ್ಕ್ ಬೇಗ. ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಶುರುವಾಗಿ ಪಿಸ್ಟನ್‌ಗೇ ಏಟು ಬೀಳಬಹುದು. ಡೀಸೆಲ್‌ನಲ್ಲಿ ಹೊಗೆ, ಮಸಿಗೆ ಮುಗಿಯಿತು.

ಇನ್ನೊಂದು ಮಾತು. ಸೆನ್ಸರ್ ಸತ್ತಿದೆ ಅಂತ ತೀರ್ಮಾನಿಸುವ ಮೊದಲು ಅದಕ್ಕೆಂದೇ ಬರುವ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿಸಿ ನೋಡಿ. ಕ್ವಾರಿ ದೂಳಿನ ನಮ್ಮ ಕಡೆ ಬರೀ ಕೊಳೆಯಿಂದಲೂ ರೀಡಿಂಗ್ ಕೆಡುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಕಂಪ್ರೆಸರ್ ಗಾಳಿಯೂ ಬೇಡ, ಫಿಲ್ಮ್ ಹೋಗಿಬಿಡುತ್ತದೆ. ಬದಲಾಯಿಸಲೇಬೇಕು ಅಂದರೆ ಹಳೆಯದರ ಮೈಮೇಲಿರುವ ನಂಬರಿನ ಫೋಟೊ ತೆಗೆದು ಅಂಗಡಿಗೆ ಕಳಿಸಿ. 'ಹೊಂದುತ್ತೆ ಸಾರ್' ಅಂದರೆ, ನಂಬರ್ ಅದೇನಾ ಅಂತ ಇನ್ನೊಮ್ಮೆ ಕೇಳಿ.