ಕಲಬುರಗಿಯ ಟಿಂಬರ್ ಅಡ್ಡಾ: ಸಂಘದ ಹಮಾಲಿ ಟೋಳಿ ಕರೆಸಬೇಕೇ?

ಮನೆ ಕಟ್ಟಿಸುವವರು ಸಾಗವಾನಿ ದರಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಹಮಾಲಿ ಮಾತು ಬರುವುದು ಗಾಡಿ ಬಂದು ನಿಂತ ಮೇಲೆ, ಜಗಳ ಶುರುವಾಗುವುದೂ ಆಗಲೇ. ಇಲ್ಲಿನ ಕಟ್ಟಿಗೆ ಅಡ್ಡಾಗಳಲ್ಲಿ ಹಮಾಲರ ಸಂಘದ ಟೋಳಿ, ಅಂದರೆ ಒಬ್ಬ ಮುಖಂಡನ ಕೈಕೆಳಗಿನ ತಂಡ, ಬಿಡಿ ಆಳುಗಳಿಗಿಂತ ದುಬಾರಿ, ಖರೆ. ಆದರೂ ದಿಮ್ಮಿ ಇಳಿಸಲು ಅವರೇ ಬೇಕು.

ದರ ಯಾಕೆ ಹೆಚ್ಚು ಅನ್ನುವವರು ಅಳತೆ ನೋಡಬೇಕು. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು ಹಳೇ ಪದ್ಧತಿ. ನಡುವಿನ ಸುತ್ತಳತೆ 48 ಇಂಚು ಇದ್ದರೆ ಕಾಲುಭಾಗ 1 ಅಡಿ. ಉದ್ದ 10 ಅಡಿ ಇದ್ದರೆ ಮಾರಾಟದ ಚೀಟಿಯಲ್ಲಿ 10 ಘನ ಅಡಿ. ಆ ದುಂಡು ಕಟ್ಟಿಗೆಯಲ್ಲಿ ನಿಜಕ್ಕೂ ಇರುವುದು 12.7 ಘನ ಅಡಿ. ಸೀಳುವಾಗ ಹೋಗುವ ಹೊಟ್ಟು, ಅಂಚುಪಟ್ಟಿಗೆಂದು ಬಿಟ್ಟ ಈ ಹೆಚ್ಚುವರಿ ಖರೀದಿದಾರನಿಗೆ ಲಾಭ. ಹೊರುವವನಿಗೆ? ಒಣ ಸಾಗವಾನಿ ಘನ ಅಡಿಗೆ ಸುಮಾರು 18 ಕಿಲೊ. ಚೀಟಿ ಪ್ರಕಾರ 180 ಕಿಲೊ, ಹೆಗಲ ಮೇಲೆ ಬರುವುದು 230ರ ಹತ್ತಿರ. ಅದಕ್ಕಿಂತ ಭಾರದ ಮತ್ತಿ ಮರವಾದರೆ 300 ಮುಟ್ಟುತ್ತದೆ, ಹಸಿ ಇದ್ದರಂತೂ ಕೇಳಲೇಬೇಡಿ. ಚೀಟಿಯ ಘನ ಅಡಿಗೆ ಹಮಾಲಿ ಕೊಟ್ಟರೆ ಐದರಲ್ಲೊಂದು ಪಾಲು ಬಿಟ್ಟಿ ಹೊತ್ತಂತೆ. ದಿಮ್ಮಿ ನೋಡಿ ದರ ಕಟ್ಟಬೇಕೆಂದು ಪಟ್ಟು ಹಿಡಿಯುವ ಮುಖಂಡನದು ಹಠವೇನಲ್ಲ.

ಪಳಗಿದ ಟೋಳಿ ಲಾರಿ ನಿಂತ ಕೂಡಲೇ ಸರಪಳಿಗೆ ಕೈ ಹಾಕುವುದಿಲ್ಲ. ಮೊದಲು ಗಾಲಿಗೆ ಕಲ್ಲು, ಕೆಳಸಾಲಿನ ದಿಮ್ಮಿಗಳಿಗೆ ಬೆಣೆ, ಆಮೇಲೆ ಜಾರಿಸಲು ಎರಡು ಗಟ್ಟಿ ತೊಲೆ. ದಿಮ್ಮಿ ಉರುಳುವುದು ಎಡಕ್ಕಾದರೆ ಸರಪಳಿ ಬಿಚ್ಚುವವ ಬಲಕ್ಕೆ ನಿಲ್ಲುತ್ತಾನೆ. ಎರಡೂ ತುದಿಗೆ ಹಗ್ಗ ಹಾಕಿ ಸಮನಾಗಿ ಸಡಿಲ ಬಿಡುತ್ತಾರೆ, ಕೂಗು ಒಬ್ಬನದೇ. ಬಿಡಿ ಆಳುಗಳಲ್ಲಿ ಕೂಗುವವರೇ ಇಬ್ಬರು. ಒಂದು ತುದಿ ಮೊದಲು ಜಾರುತ್ತದೆ, ದಿಮ್ಮಿ ಅಡ್ಡ ತಿರುಗುತ್ತದೆ, ಯಾರದೋ ಕಾಲು ಸಿಕ್ಕಿಬೀಳುತ್ತದೆ.

ಮುಖಂಡ ಎಂಥವನೆಂದು ತಿಳಿಯಲು ಎರಡು ಪ್ರಶ್ನೆ ಸಾಕು. ಇಳಿಸುವ ಮುಂಚೆ ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಕೇಳುತ್ತಾನೆಯೇ? ಪರವಾನಗಿ ಬೇಕಾದ ಮಾಲು ಅದಿಲ್ಲದೆ ಬಂದರೆ ಗಾಡಿಯೂ ಜಪ್ತಾದೀತು. ಟೋಳಿಯವರಿಗೆ ಅಸಂಘಟಿತ ಕಾರ್ಮಿಕರಿಗಾಗಿ ಇರುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಕಾರ್ಡು ಮಾಡಿಸಿದ್ದಾನೆಯೇ? ಹಮಾಲರೂ ಅದರಲ್ಲಿ ಬರುತ್ತಾರೆ. ಅಷ್ಟೂ ಮಾಡದವನು ಬರೀ ಚಂದಾ ವಸೂಲಿಗಾರ.

ತಕರಾರೂ ಇದೆ. ಸೀಳಿದ ಮಾಲಿಗೂ ಪೂರ್ತಿ ಟೋಳಿ ಹಚ್ಚುವುದು ಸರಿಯಲ್ಲ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿಗೆ 4×3 ಇಂಚಿನ ಚೌಕಟ್ಟು ಅಂದರೆ ಹೊಸ್ತಿಲು ಸೇರಿ 21 ಅಡಿ ಉದ್ದ, 1.75 ಘನ ಅಡಿ, ಸುಮಾರು 32 ಕಿಲೊ. ಇಬ್ಬರು ಸಾಕು, ಆಟೋ ಸಾಕು. ಮೇಲ್ಮಹಡಿಗೆ ಏರಿಸುವ ಕೂಲಿ ಬೇರೆ. ಅದನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಏಪ್ರಿಲ್-ಮೇನಲ್ಲಿ ಕರೆಸುವುದಾದರೆ ಗಾಡಿ ಬೆಳಿಗ್ಗೆ 7ಕ್ಕೇ ಬಂದಿರಲಿ. ಬಿಸಿಲಿಗೆ ನಮ್ಮ ಸರ್ಕಾರಿ ಕಚೇರಿಗಳೇ ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ಊರಿದು. ಮಟಮಟ ಮಧ್ಯಾಹ್ನ ಲಾರಿ ಬಂದರೆ ಹೊತ್ತು ಇಳಿಯುವವರೆಗೆ ಯಾರೂ ದಿಮ್ಮಿ ಮುಟ್ಟುವುದಿಲ್ಲ, ಲಾರಿಯವ ಕಾಯಿಸಿದ್ದಕ್ಕೆ ಹಾಲ್ಟಿಂಗ್ ದುಡ್ಡು ಕೇಳದೆ ಬಿಡುವುದಿಲ್ಲ.