‘ತಾಲ್ಲೂಕು ವರದಿಗಾರರು ಬೇಕಾಗಿದ್ದಾರೆ’ ಅಂತ ಮೆಸೇಜ್ ಬಂದಿದೆಯಾ? ದುಡ್ಡು ಹಾಕುವ ಮುಂಚೆ ಇದನ್ನು ಓದಿ

“ರಾಜ್ಯದ ಎಲ್ಲ ಜಿಲ್ಲೆ, ತಾಲ್ಲೂಕು, ಹೋಬಳಿ ಮಟ್ಟದಲ್ಲಿ ವರದಿಗಾರರು ಬೇಕಾಗಿದ್ದಾರೆ. ಅನುಭವದ ಅಗತ್ಯವಿಲ್ಲ. ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆ. ಐಡಿ ಕಾರ್ಡ್, ಮೈಕ್, ಅಥಾರಿಟಿ ಲೆಟರ್ ನೀಡಲಾಗುವುದು.”

ಇಷ್ಟರಲ್ಲಿ ನಿಜ ಇರುವುದು ಕೊನೆಯ ಮಾತೊಂದೇ. ಕಾರ್ಡು, ಮೈಕು, ಪತ್ರ ಕೊಡುತ್ತಾರೆ. ಆ ಕಾರ್ಡಿಗೆ ನನ್ನಿಂದ ಹೋದದ್ದು 18,500 ರೂಪಾಯಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಇದೇ ನಾಚಿಕೆಯಿಂದ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದೇ ಇವರ ಬಂಡವಾಳ. ಸಂಸ್ಥೆಯ ಹೆಸರು ಹಾಕುತ್ತಿಲ್ಲ, ಹಾಕಿದರೂ ಉಪಯೋಗವಿಲ್ಲ. ಹೆಸರು ಬದಲಾಗುತ್ತಲೇ ಇರುತ್ತದೆ, ದಂಧೆ ಮಾತ್ರ ಅದೇ. ಆ ದಂಧೆ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ರೇಟ್. ತಾಲ್ಲೂಕು ವರದಿಗಾರನಿಗೆ 18,500. ಜಿಲ್ಲಾ ವರದಿಗಾರನಿಗೆ 40,000. ‘ರಾಜ್ಯ ಉಪಸಂಪಾದಕ’ ಅನ್ನಿಸಿಕೊಳ್ಳಬೇಕಾದರೆ 75,000. ಒಂದು ಅಕ್ಷರ ಬರೆಯುವ ಮುಂಚೆಯೇ ಉಪಸಂಪಾದಕ! 18,500 ಅನ್ನು ಒಟ್ಟಿಗೆ ಕೇಳುವುದಿಲ್ಲ. ನೋಂದಣಿ ಶುಲ್ಕ 5,000, ಕಿಟ್ 7,500, ಟ್ರೈನಿಂಗ್ 3,000, ವಾರ್ಷಿಕ ನವೀಕರಣ 3,000 ಅಂತ ಒಂದೊಂದಾಗಿ ಇಳಿಸುತ್ತಾರೆ. ನವೀಕರಣದ ದುಡ್ಡು ಮೊದಲನೇ ವರ್ಷವೇ ಯಾಕೆ ಅಂದರೆ “ಅಡ್ವಾನ್ಸ್ ಸಾರ್, ಆಮೇಲೆ ರೇಟ್ ಜಾಸ್ತಿ ಆಗುತ್ತೆ” ಅಂತ ಉತ್ತರ. ದುಡ್ಡು ಹೋಗುವುದು ಸಂಸ್ಥೆಯ ಖಾತೆಗಲ್ಲ, ಯಾರದೋ ವೈಯಕ್ತಿಕ ಫೋನ್‌ಪೇ ನಂಬರಿಗೆ. ರಸೀದಿ ಕೇಳಿದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಥಂಬ್ಸ್ ಅಪ್.

ಕಿಟ್ ಅಂದರೆ ಕೊರಳಿಗೆ ಹಾಕುವ ಟ್ಯಾಗ್ ಜೊತೆ ಪ್ಲಾಸ್ಟಿಕ್ ಕಾರ್ಡು, ಗಾಡಿಗೆ ಅಂಟಿಸಲು ‘ಪ್ರೆಸ್’ ಸ್ಟಿಕ್ಕರ್ ಎರಡು, ಮೈಕಿಗೆ ಸಿಕ್ಕಿಸುವ ಚೌಕಾಕಾರದ ಲೋಗೋ, ಮೊಬೈಲಿಗೆ ಚುಚ್ಚುವ ಅಗ್ಗದ ಕಾಲರ್ ಮೈಕು, ಒಂದು ಪತ್ರ. ಅಷ್ಟೇ. ಟ್ರೈನಿಂಗ್ ಅಂದರೆ ರಾತ್ರಿ ಹೊತ್ತು ಒಂದು ಗೂಗಲ್ ಮೀಟ್. ಸುದ್ದಿ ಬರೆಯುವುದು ಹೇಗೆ, ಎರಡೂ ಕಡೆಯವರನ್ನು ಕೇಳುವುದು ಹೇಗೆ ಅಂತ ಒಂದು ಮಾತಿಲ್ಲ. ಪೂರ್ತಿ ಹೊತ್ತು ಜಾಹೀರಾತು ತರುವುದು ಹೇಗೆ ಅನ್ನುವುದೇ ಪಾಠ.

ಈಗ ‘ಕೇಂದ್ರ ಸರ್ಕಾರದ ಮಾನ್ಯತೆ’ಯ ವಿಷಯ. ಮೋಸ ಇರುವುದೇ ಇಲ್ಲಿ, ನಿಧಾನವಾಗಿ ಓದಿ. ಇವರು ಮೂರು ನಾಲ್ಕು ಕಾಗದ ತೋರಿಸುತ್ತಾರೆ. ಒಂದು, ಉದ್ಯಮ್ ಸರ್ಟಿಫಿಕೇಟ್. ‘ಉದ್ಯಮ್-ಕೆಆರ್’ ಅಂತ ಶುರುವಾಗುವ ನಂಬರು, ಮೇಲೆ ಸರ್ಕಾರದ ಲಾಂಛನ. ನೋಡಿದರೆ ಯಾರಿಗಾದರೂ ನಂಬಿಕೆ ಬರಬೇಕು. ಅದು ಸಣ್ಣ ಉದ್ದಿಮೆಗಳ ನೋಂದಣಿ. ಆಧಾರ್, ಪ್ಯಾನ್ ಇಟ್ಟುಕೊಂಡು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪುಕ್ಕಟೆ ಮಾಡಿಕೊಳ್ಳಬಹುದು. ಹಿಟ್ಟಿನ ಗಿರಣಿಗೂ ಅದೇ, ಜೆರಾಕ್ಸ್ ಅಂಗಡಿಗೂ ಅದೇ. ಪತ್ರಿಕೋದ್ಯಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎರಡು, ಐಎಸ್‌ಒ ಸರ್ಟಿಫಿಕೇಟ್. ಅದು ಸರ್ಕಾರದ ಮಾನ್ಯತೆಯೇ ಅಲ್ಲ, ಹೆಚ್ಚಾಗಿ ಖಾಸಗಿ ಏಜೆನ್ಸಿಗಳು ಕೊಡುವುದು. ಮೂರು, ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಮಾಹಿತಿ ಸಲ್ಲಿಸಿದ್ದಕ್ಕೆ ಬಂದ ಸ್ವೀಕೃತಿ. 2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಾಶಕರು ತಮ್ಮ ವಿವರವನ್ನು ಸಚಿವಾಲಯಕ್ಕೆ ಕೊಡಬೇಕು. ಕೊಟ್ಟರೆ ‘ತಲುಪಿದೆ’ ಅಂತ ಉತ್ತರ ಬರುತ್ತದೆ. ತಲುಪಿದೆ ಅಂದರೆ ತಲುಪಿದೆ, ಅಷ್ಟೇ. ಮಾನ್ಯತೆ ಅಲ್ಲ, ನೋಂದಣಿಯೂ ಅಲ್ಲ.

ನಾಲ್ಕನೆಯದು ಆರ್‌ಎನ್‌ಐ ನಂಬರು, ಅಂದರೆ ಪತ್ರಿಕೆಯ ನೋಂದಣಿ ಸಂಖ್ಯೆ. ನನಗೆ ಟೋಪಿ ಬಿದ್ದದ್ದು ಇದರಿಂದಲೇ. ಕಾರ್ಡಿನ ಹಿಂಬದಿಯಲ್ಲಿ ಸಣ್ಣಗೆ ಅಚ್ಚಾಗಿತ್ತು. ಕೆಎಆರ್‌ಕೆಎಎನ್ ಅಂತ ಶುರು, ಆಮೇಲೆ ಇಸವಿ, ಆಮೇಲೆ ಅಂಕಿ. ನಮೂನೆ ಸರಿಯಾಗೇ ಇದೆ: ಮೊದಲ ಮೂರಕ್ಷರ ರಾಜ್ಯ, ಮುಂದಿನ ಮೂರು ಭಾಷೆ. ಆ ನಂಬರನ್ನು, ಪತ್ರಿಕೆಗಳನ್ನು ನೋಂದಾಯಿಸುವ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಬಂದದ್ದು ಯಾವುದೋ ಮಾಸಪತ್ರಿಕೆ! ಹೆಸರು ಬೇರೆ, ಜಿಲ್ಲೆ ಬೇರೆ, ಮಾಲೀಕರು ಬೇರೆ. ಇನ್ನೊಮ್ಮೆ ಹಾಕಿದರೂ ಅದೇ. ಒಂದು ಅಂಕಿ ತಪ್ಪಿರಬಹುದೇನೋ ಅಂತ ಮತ್ತೆ ಹಾಕಿದರೂ ಅದೇ ಮಾಸಪತ್ರಿಕೆ. ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡು ಇನ್ಯಾರದೋ ನಂಬರಿನದು. ಅದನ್ನು ಹಾಕಿಕೊಂಡು ತಾಲ್ಲೂಕು ಕಚೇರಿಯಲ್ಲಿ, ಪೊಲೀಸ್ ಸ್ಟೇಷನ್ನಿನಲ್ಲಿ ನಿಂತದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೇಳಿದೆ. ‘ಪ್ರಧಾನ ಸಂಪಾದಕರು’ ಕೊಟ್ಟ ಉತ್ತರ ಕೇಳಿ.

“ಅದು ನಮ್ಮ ಸಹೋದರ ಸಂಸ್ಥೆ ಸಾರ್.”

ಹಾಗಾದರೆ ಅವರ ಪತ್ರ ತೋರಿಸಿ ಅಂದೆ. “ನಮ್ಮದೇ ಸ್ವಂತ ನಂಬರ್ ಡೆಲ್ಲೀಲಿ ಪೆಂಡಿಂಗ್ ಇದೆ, ಈ ತಿಂಗಳು ಬಂದುಬಿಡುತ್ತೆ.”

ಅರ್ಜಿ ಸಂಖ್ಯೆ ಕೊಡಿ ಅಂದೆ. “ನಿಮ್ಗೆ ಸಂಸ್ಥೆ ಮೇಲೆ ನಂಬಿಕೆ ಇಲ್ಲಾಂದ್ರೆ ಮಾಧ್ಯಮ ಕ್ಷೇತ್ರ ನಿಮ್ಗಲ್ಲ ಬಿಡಿ.”

ದುಡ್ಡು ವಾಪಸ್ ಕೊಡಿ ಅಂದ ಕೂಡಲೇ ಸಾರ್ ಹೋಯಿತು, ಏಕವಚನ ಬಂತು. “ಡೆಪಾಸಿಟ್ ಅಲ್ಲ ಅದು, ಕಿಟ್ ಚಾರ್ಜು. ಟಾರ್ಗೆಟ್ ಮುಟ್ಟಿದ್ಯಾ ನೀನು? ಕಾರ್ಡ್ ದುರುಪಯೋಗ ಮಾಡ್ತಿದ್ದೀಯ ಅಂತ ನಾವೇ ಕಂಪ್ಲೇಂಟ್ ಕೊಡ್ತೀವಿ. ನಿನ್ ಮೇಲೇ ಸುದ್ದಿ ಮಾಡ್ತೀವಿ ನೋಡ್ತಿರು.” ವಾಯ್ಸ್ ನೋಟ್. ಸ್ವಲ್ಪ ಹೊತ್ತಿಗೆ ಅದೂ ಡಿಲೀಟ್. ಗ್ರೂಪಿನಿಂದ ನಾನೂ ಡಿಲೀಟ್.

ನಿನ್ನ ಮೇಲೇ ಸುದ್ದಿ ಮಾಡ್ತೀವಿ! ಸುದ್ದಿ ಅಂದರೆ ಇವರಿಗೆ ಇಷ್ಟೇ. ಬೆದರಿಸುವುದಕ್ಕೊಂದು ದೊಣ್ಣೆ.

ಆ ಟಾರ್ಗೆಟ್ ಏನು ಅಂತಲೂ ಹೇಳಬೇಕು. ನವೆಂಬರಿನ ‘ರಾಜ್ಯೋತ್ಸವ ವಿಶೇಷ’ಕ್ಕೆ ತಾಲ್ಲೂಕಿಗೆ 50,000 ರೂಪಾಯಿ ಜಾಹೀರಾತು ತರಬೇಕು, ಅದರಲ್ಲಿ ನೂರಕ್ಕೆ ಮೂವತ್ತು ನಮಗೆ. ಸಂಬಳ ಇಲ್ಲ. ಪೆಟ್ರೋಲ್ ಇಲ್ಲ. ಆಗಸ್ಟ್ 15, ಜನವರಿ 26, ಯುಗಾದಿ, ಶಾಸಕರ ಹುಟ್ಟುಹಬ್ಬ, ಮಾಜಿ ಶಾಸಕರ ಹುಟ್ಟುಹಬ್ಬ, ಎಲ್ಲಕ್ಕೂ ಶುಭಾಶಯದ ಜಾಹೀರಾತು. ಚುನಾವಣೆ ಬಂದರೆ ಅಭ್ಯರ್ಥಿಗಳಿಗೆ ‘ಪ್ಯಾಕೇಜ್’: ಇಷ್ಟು ಸಂದರ್ಶನ, ಇಷ್ಟು ‘ಜನಾಭಿಪ್ರಾಯ’, ಎದುರಾಳಿ ವಿರುದ್ಧ ಇಷ್ಟು. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಬೆಳಿಗ್ಗೆ ಶುಭಾಶಯದ ಜಾಹೀರಾತು ಕೇಳಿ, ಮಧ್ಯಾಹ್ನ ಅದೇ ಪಂಚಾಯಿತಿಯ ನರೇಗಾ ಬಿಲ್ ಬಗ್ಗೆ ಪ್ರಶ್ನೆ ಕೇಳಲು ಆಗುತ್ತದೆಯೇ? ಟಿವಿಯಲ್ಲಿ ಆ್ಯಂಕರ್‌ಗಳು ಕೂಗಾಡುವುದನ್ನು ಬೈಯುತ್ತೇವೆ. ಬೈಯೋಣ. ಆದರೆ ಊರ ಮಟ್ಟದಲ್ಲಿ ಸುದ್ದಿ ಕೆಡುವುದು ಇಲ್ಲಿ, ವರದಿಗಾರನಿಂದಲೇ ದುಡ್ಡು ಕಿತ್ತು ‘ಹೋಗಿ ವಸೂಲಿ ಮಾಡಿಕೋ’ ಅಂತ ಬೀದಿಗೆ ಬಿಡುವ ಕಡೆ. 18,500 ಕೊಟ್ಟವನು ಅದನ್ನು ಎಲ್ಲಿಂದಲಾದರೂ ಹುಟ್ಟಿಸಬೇಕಲ್ಲ. ರೇಷನ್ ಅಂಗಡಿ, ಮರಳು ಟ್ರ್ಯಾಕ್ಟರ್, ಬಡಪಾಯಿ ಮೇಷ್ಟ್ರು... ಎಲ್ಲಿಗೆ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತು.

ಅಲ್ಲಿಗೆ ಹೋದವನು ಸಿಕ್ಕಿಬಿದ್ದರೆ ಸಂಪಾದಕರು ಬರುವುದಿಲ್ಲ. ಅಥಾರಿಟಿ ಲೆಟರಿನ ಕೊನೆಗೆ ಇರುವೆಯಂಥ ಅಕ್ಷರದಲ್ಲಿ ಬರೆದಿರುತ್ತದೆ: “ವರದಿಯಿಂದ ಉಂಟಾಗುವ ಎಲ್ಲ ಕಾನೂನು ತೊಡಕುಗಳಿಗೆ ವರದಿಗಾರರೇ ಹೊಣೆ.” ಸುದ್ದಿ ಹಾಕದೆ ಇರಲು ದುಡ್ಡು ಕೇಳಿದರೆ ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಸುಳ್ಳು ಹಾಕಿ ಯಾರ ಮಾನವನ್ನಾದರೂ ಕಳೆದರೆ 356. ಎರಡರಲ್ಲೂ ಠಾಣೆ, ಕೋರ್ಟು ಅಂತ ಅಲೆಯುವುದು ಮೈಕ್ ಹಿಡಿದವನು. ಕಾರ್ಡಿನ ಮೇಲೆ ಅಶೋಕ ಸ್ತಂಭದ ಸಿಂಹ ಅಚ್ಚು ಹಾಕಿದ್ದರಂತೂ ಕೊರಳಿಗೆ ಹಾಕಲೇಬೇಡಿ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲಿಗೆ ಅವಕಾಶವಿದೆ.

ಕಾರ್ಡ್ ಇದ್ದರೆ ಹೆದ್ದಾರಿಯಲ್ಲಿ ಟೋಲ್ ಕಟ್ಟಬೇಕಿಲ್ಲ ಅಂತಲೂ ಹೇಳುತ್ತಾರೆ. ಸುಳ್ಳು. ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ ವಿನಾಯಿತಿ ಯಾರಿಗೆ ಅಂತ ಪಟ್ಟಿಯೇ ಇದೆ. ಅದರಲ್ಲಿ ಪತ್ರಕರ್ತರಿಲ್ಲ.

ದುಡ್ಡು ಕೊಡುವ ಮುಂಚೆ ಹೀಗೆ ಮಾಡಿ. ಪತ್ರಿಕೆ ಅಂದರೆ ನೋಂದಣಿ ಸಂಖ್ಯೆ ಕೇಳಿ, ನೀವೇ ಹುಡುಕಿ ನೋಡಿ. ಪತ್ರಿಕೆಗಳ ನೋಂದಣಿಯ 1867ರ ಹಳೆಯ ಕಾಯ್ದೆ ಹೋಗಿ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ಆರ್‌ಎನ್‌ಐ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿಯಾಗಿದೆ. ಹಳೆಯದಾಗಲಿ ಹೊಸದಾಗಲಿ, ಅಲ್ಲಿ ನೋಂದಣಿಯಾಗುವುದು ಪತ್ರಿಕೆ. ಮನುಷ್ಯರೂ ಅಲ್ಲ, ಯೂಟ್ಯೂಬ್ ಚಾನೆಲ್ಲೂ ಅಲ್ಲ. ‘ಆರ್‌ಎನ್‌ಐ ಪ್ರೆಸ್ ಕಾರ್ಡ್’ ಅನ್ನುವ ವಸ್ತುವೇ ಇಲ್ಲ. ಹಳೆಯ ಕಾಯ್ದೆಯ ಕಾಲದಲ್ಲಿ ಶೀರ್ಷಿಕೆ, ಅಂದರೆ ಪತ್ರಿಕೆಯ ಹೆಸರು, ಮಂಜೂರಾದ ಪತ್ರವನ್ನು ಫ್ರೇಮ್ ಹಾಕಿಸಿ ತೋರಿಸುವವರೂ ಇದ್ದಾರೆ. ಆಗ ಶೀರ್ಷಿಕೆ ಬೇರೆ, ನೋಂದಣಿ ಬೇರೆ ಇತ್ತು. ಟಿವಿ ಅಂದರೆ ಸಚಿವಾಲಯ ಅನುಮತಿ ಕೊಟ್ಟ ಉಪಗ್ರಹ ಚಾನೆಲ್‌ಗಳ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿ. ಹೆಸರಿನ ಮುಂದೆ ‘ಟಿವಿ’, ‘24x7’ ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ರಾಜ್ಯದಲ್ಲಿ ಪತ್ರಕರ್ತರಿಗೆ ಮಾನ್ಯತಾ ಕಾರ್ಡ್ ಕೊಡುವುದು ವಾರ್ತಾ ಇಲಾಖೆ. ಜಿಲ್ಲಾ ಕೇಂದ್ರದ ವಾರ್ತಾ ಇಲಾಖೆ ಕಚೇರಿಗೆ ಹೋಗಿ ಸಂಸ್ಥೆಯ ಹೆಸರು ಹೇಳಿದರೆ ಸಾಕು, ಅವರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ಆಗಲೇ ದುಡ್ಡು ಹಾಕಿದ್ದರೆ, ಜಗಳ ಆಡುವ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಮೊದಲು ಅದು, ಆಮೇಲೆ ಜಗಳ. ಜಗಳ ಶುರುವಾದ ಮೇಲೆ ಅವರು ಒಂದೊಂದೇ ಮೆಸೇಜ್ ಅಳಿಸುತ್ತಾರೆ. ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರ್ ಬರೆದಿಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇವರು ಕಂತು ಕಂತಾಗಿ ವಸೂಲಿ ಮಾಡುತ್ತಾರೆ, ಹಾಗಾಗಿ ಪ್ರತಿ ಕಂತಿನ ನಂಬರೂ ಬೇಕು. ಹಳೆಯ ಕಂತಿನ ದುಡ್ಡು ಖಾತೆಯಿಂದ ಆಗಲೇ ಮುಂದೆ ಹೋಗಿರುತ್ತದೆ, ಕೊನೆಯ ಕಂತಾದರೂ ಸಿಗಬೇಕಾದರೆ ತಡ ಮಾಡಬೇಡಿ. ಕಾರ್ಡನ್ನು ಸಿಟ್ಟಿನಲ್ಲಿ ಕತ್ತರಿಸಿ ಎಸೆಯಬೇಡಿ, ಅವರು ಕೇಳಿದರು ಅಂತ ವಾಪಸ್ಸೂ ಕೊಡಬೇಡಿ. ಎರಡೂ ಬದಿ ಫೋಟೊ ತೆಗೆದು ದೂರಿನ ಜೊತೆ ಇಡಿ. ಅದೂ ನಿಮ್ಮ ಕೈಯಲ್ಲಿರುವ ಸಾಕ್ಷಿಯೇ.

ನನ್ನ ದುಡ್ಡು ಬಂದಿಲ್ಲ. ಅದೇ ಜಾಹೀರಾತು ಈಗ ಬೇರೆ ಲೋಗೋ ಹಾಕಿಕೊಂಡು ಓಡಾಡುತ್ತಿದೆ. ಫೋನ್‌ಪೇ ನಂಬರ್ ಹಳೆಯದೇ.